2 ಓಮ್ ಮೋನೊ ಆಂಪ್‌ಗೆ ಎರಡನೇ ಡ್ಯುಯಲ್ ಕಾಯಿಲ್ ಸಬ್‌ವೂಫರ್ ಸೇರಿಸೋದು ಹೇಗೆ?

ಚಿಂಚ್ವಡ್_ಬಾಸ್ (ಪುಣೆ)

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಈಗ ಇರೋದು ಇಷ್ಟು:

ಆಂಪ್ (ಆಂಪ್ಲಿಫೈಯರ್) ಮೋನೊ, ಅಂದ್ರೆ ಒಂದೇ ಚಾನೆಲ್, ಕ್ಲಾಸ್ ಡಿ. 4 ಓಮ್‌ಗೆ 300 ವ್ಯಾಟ್ ಆರ್‌ಎಂಎಸ್ (ನಿರಂತರವಾಗಿ ಕೊಡಬಲ್ಲ ಪವರ್), 2 ಓಮ್‌ಗೆ 500 ವ್ಯಾಟ್ ಆರ್‌ಎಂಎಸ್. ಕೈಪಿಡಿಯಲ್ಲಿ "ಕನಿಷ್ಠ 2 ಓಮ್" ಅಂತ ಬರೆದಿದೆ. ಸಬ್‌ವೂಫರ್ ಒಂದೇ, 12 ಇಂಚು, ಡ್ಯುಯಲ್ 4 ಓಮ್ ಕಾಯಿಲ್ (ಒಳಗೆ ತಲಾ 4 ಓಮ್‌ನ ಎರಡು ಸುರುಳಿ), 500 ವ್ಯಾಟ್ ಆರ್‌ಎಂಎಸ್. ಎರಡೂ ಕಾಯಿಲ್ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಮಾಡಿ 2 ಓಮ್‌ನಲ್ಲಿ ಓಡ್ತಿದೆ. ಪೆಟ್ಟಿಗೆ ಸೀಲ್ಡ್ (ಪೂರ್ತಿ ಮುಚ್ಚಿದ್ದು), ಸುಮಾರು 32 ಲೀಟರ್. ಪವರ್ ಕೇಬಲ್ 8 ಗೇಜ್ (ಸಂಖ್ಯೆ ಕಮ್ಮಿ ಆದಷ್ಟೂ ಕೇಬಲ್ ದಪ್ಪ), ಕಿಟ್ ಜೊತೆ ಬಂದದ್ದು.

ಇದೇ ಮಾಡೆಲಿನ ಇನ್ನೊಂದು ಸಬ್ ಹಾಕಿಸಬೇಕು ಅಂತಿದೆ. ಅಂಗಡಿಯವರು "ಎಲ್ಲಾ ಪ್ಯಾರಲಲ್ ಮಾಡಿಬಿಡೋಣ, ಆಂಪ್ ತಡ್ಕೊಳ್ಳುತ್ತೆ, ಬಾಸ್ ಡಬಲ್ ಆಗುತ್ತೆ" ಅಂತಾರೆ. ಹಾಗೆ ಮಾಡಬಹುದಾ? ಎರಡು ಸಬ್ ಇಟ್ಟುಕೊಂಡು 2 ಓಮ್ ತರೋಕೆ ಬೇರೆ ದಾರಿ ಇದೆಯಾ? ಇನ್ನೊಂದು ವಿಷಯ, ರಾತ್ರಿ ಬಾಸ್ ಬಿದ್ದಾಗೆಲ್ಲ ಹೆಡ್‌ಲೈಟ್ ಮಂದ ಆಗುತ್ತೆ. ಅದಕ್ಕೆ ಕೆಪಾಸಿಟರ್ ಹಾಕಿಸಲಾ?

---

ಓಮ್_ಲೆಕ್ಕ (ಡೊಂಬಿವಲಿ)

ನಾಲ್ಕೂ ಕಾಯಿಲ್ ಪ್ಯಾರಲಲ್ ಮಾಡಿಸಬೇಡಿ. ಅದು 1 ಓಮ್ ಆಗುತ್ತೆ, ನಿಮ್ಮ ಆಂಪಿನ ಮಿತಿ 2.

ನಾಲ್ಕು ಕಾಯಿಲ್, ಒಂದೊಂದೂ 4 ಓಮ್. ನಾಲ್ಕಕ್ಕೂ ಸಮಪಾಲು ಪವರ್ ಸಿಗಬೇಕು ಅಂದ್ರೆ ಬರೋದು ಮೂರೇ ಉತ್ತರ. ಎಲ್ಲಾ ಪ್ಯಾರಲಲ್ ಆದರೆ 1 ಓಮ್, ಸೀರೀಸ್-ಪ್ಯಾರಲಲ್ (ಎರಡೆರಡು ಒಂದರ ಹಿಂದೆ ಒಂದು, ಆ ಜೋಡಿಗಳು ಪ್ಯಾರಲಲ್) ಆದರೆ 4 ಓಮ್, ಎಲ್ಲಾ ಸೀರೀಸ್ ಆದರೆ 16 ಓಮ್. 2 ಓಮ್ ಬರೋದೇ ಇಲ್ಲ, ಯಾವ ಅಂಗಡಿಗೆ ಹೋದರೂ ಬರಲ್ಲ. ಅದು ಬೇಕಿದ್ದರೆ ಡ್ಯುಯಲ್ 2 ಓಮ್‌ನ ಎರಡು ಸಬ್ ಬೇಕು (ಒಂದೊಂದರೊಳಗೂ ಸೀರೀಸ್ ಮಾಡಿದರೆ 4, ಆ ಎರಡನ್ನು ಪ್ಯಾರಲಲ್ ಮಾಡಿದರೆ 2), ಇಲ್ಲವೇ ಸಿಂಗಲ್ ಕಾಯಿಲ್ 4 ಓಮ್‌ನ ಎರಡು ಸಬ್ ಬೇಕು.

1 ಓಮ್‌ನಲ್ಲಿ ಏನಾಗುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಂಗಡಿಯಲ್ಲಿ ಹಾಕಿ ತೋರಿಸುವಾಗ ಎಲ್ಲಾ ಚೆನ್ನಾಗೇ ಕೇಳಿಸುತ್ತೆ. 2 ಓಮ್‌ಗೆ 500 ವ್ಯಾಟ್ ಕೊಡುವಾಗ ಆಂಪಿನ ಔಟ್‌ಪುಟ್ ಸುಮಾರು 31.6 ವೋಲ್ಟ್, ಕರೆಂಟ್ 15.8 ಆಂಪಿಯರ್. ಅದೇ ವೋಲ್ಟೇಜಿಗೆ 1 ಓಮ್ ಲೋಡ್ ಸಿಕ್ಕರೆ ಅದು ಕೇಳೋದು 31.6 ಆಂಪಿಯರ್. ಕರೆಂಟ್ ಎರಡು ಪಟ್ಟಾದರೆ ಔಟ್‌ಪುಟ್ ಮಾಸ್‌ಫೆಟ್‌ಗಳ (ಕರೆಂಟ್ ಸ್ವಿಚ್ ಮಾಡುವ ಟ್ರಾನ್ಸಿಸ್ಟರ್‌ಗಳು) ಒಳಗಿನ ರೆಸಿಸ್ಟೆನ್ಸ್‌ನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ವಾಲ್ಯೂಮ್ ಕಮ್ಮಿ ಇದ್ದಾಗ ಇದು ಗೊತ್ತೇ ಆಗಲ್ಲ. ಏಪ್ರಿಲ್-ಮೇ ಬಿಸಿಲಲ್ಲಿ ನಿಂತ ಕಾರಿನಲ್ಲಿ, ಡಿಕ್ಕಿಯ ಕಾರ್ಪೆಟ್ ಕೆಳಗೆ ಆಂಪ್ ಇದ್ದು, ಉದ್ದ ಬಾಸ್ ನೋಟು ಬಂದಾಗ ಆಂಪ್ ತಾನೇ ಬಂದ್ ಆಗಿ ಪ್ರೊಟೆಕ್ಟ್ ಲೈಟ್ ಹತ್ತುತ್ತೆ. ಅದು ಅದೃಷ್ಟ ಚೆನ್ನಾಗಿದ್ದರೆ. ಪ್ರೊಟೆಕ್ಷನ್ ತಡವಾಗಿ ಕೆಲಸ ಮಾಡುವ ಆಂಪ್ ಆದರೆ ಮಾಸ್‌ಫೆಟ್ ಶಾರ್ಟ್ ಆಗಿ, ಡಿಸಿ ವೋಲ್ಟೇಜ್ ನೇರ ಕಾಯಿಲ್‌ಗೇ ಹೋಗಿ ಸಬ್ ಕೂಡ ಸುಡಬಹುದು.

ಹಾಗಾಗಿ ಈ ಎರಡು ಸಬ್ ಈ ಆಂಪಿಗೆ ಕೂಡೋದು 4 ಓಮ್‌ನಲ್ಲಿ ಮಾತ್ರ. ಮೊದಲನೇ ಸಬ್‌ನಲ್ಲಿ ಒಂದನೇ ಕಾಯಿಲಿನ ಮೈನಸ್‌ನಿಂದ ಎರಡನೇ ಕಾಯಿಲಿನ ಪ್ಲಸ್‌ಗೆ ಒಂದು ತುಂಡು ವೈರ್. ಒಂದನೇ ಕಾಯಿಲಿನ ಪ್ಲಸ್ ಆಂಪಿನ ಪ್ಲಸ್‌ಗೆ, ಎರಡನೇ ಕಾಯಿಲಿನ ಮೈನಸ್ ಆಂಪಿನ ಮೈನಸ್‌ಗೆ. ಅಲ್ಲಿಗೆ ಅದು 8 ಓಮ್. ಎರಡನೇ ಸಬ್‌ಗೂ ಹಾಗೇ. ಎರಡೂ ಆಂಪ್ ಟರ್ಮಿನಲ್‌ನಲ್ಲಿ ಪ್ಯಾರಲಲ್ ಆದಾಗ 4 ಓಮ್. ಒಳಗೆ ಪ್ಯಾರಲಲ್ ಮಾಡಿ ಸಬ್‌ಗಳನ್ನು ಸೀರೀಸ್ ಮಾಡಿದರೂ 4 ಓಮ್ ಬರುತ್ತೆ, ಆದರೆ ಹಾಗೆ ಮಾಡಿದಾಗ ಒಂದು ಸಬ್ ಓಪನ್ ಆದರೆ (ಕಾಯಿಲ್ ಒಳಗೆ ಕಡಿದರೆ) ಎರಡೂ ಮೂಕ. ನಾನು ಹೇಳಿದ ಕ್ರಮದಲ್ಲಿ ಒಂದು ಹೋದರೂ ಇನ್ನೊಂದು ಓಡುತ್ತೆ.

ಇನ್ನು "ಬಾಸ್ ಡಬಲ್" ಮಾತು. ದುಡ್ಡು ಕೊಡುವ ಮುಂಚೆ ಈ ಲೆಕ್ಕ ನೋಡಿ. 500 ವ್ಯಾಟಿನಿಂದ 300ಕ್ಕೆ ಇಳಿದರೆ 2.2 ಡೆಸಿಬೆಲ್ ನಷ್ಟ. ಒಂದರ ಪಕ್ಕ ಒಂದು ಎರಡು ಸಬ್ ಇದ್ದರೆ ಅದೇ ಒಟ್ಟು ಪವರ್‌ಗೆ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಹತ್ತಿರ ಹತ್ತಿರ 3 ಡೆಸಿಬೆಲ್ ಲಾಭ. ಕೈಗೆ ಉಳಿಯೋದು 0.8 ಡೆಸಿಬೆಲ್. ಕಿವಿಗೆ ಅದು ಇದ್ದೂ ಇಲ್ಲದ ಹಾಗೆ. ಅದಕ್ಕೆ ಅರ್ಧ ಡಿಕ್ಕಿ, ಒಂದು ಸಬ್‌ನ ದುಡ್ಡು, ಹೊಸ ಪೆಟ್ಟಿಗೆ. ನಂಗಂತೂ ಇದು ಒಪ್ಪಿಗೆ ಇಲ್ಲ. ಈಗಿನ ಸಬ್ ಮಾರಿ ಡ್ಯುಯಲ್ 2 ಓಮ್‌ನ ಎರಡು ತಂದರೆ 500 ವ್ಯಾಟೂ ಉಳಿಯುತ್ತೆ, 3 ಡೆಸಿಬೆಲ್ ಪೂರ್ತಿ ಸಿಗುತ್ತೆ. ಡಿಕ್ಕಿ ಬೇಕು ಅಂದ್ರೆ ಇದೇ ಸಬ್‌ಗೆ ತಯಾರಕರ ಶೀಟ್‌ನಲ್ಲಿರುವ ಅಳತೆಯ ಪೋರ್ಟೆಡ್ (ಗಾಳಿ ಹೊರಬರಲು ಕೊಳವೆ ಇರುವ) ಪೆಟ್ಟಿಗೆ ಮಾಡಿಸಿ, ಖರ್ಚು ಬಡಗಿಯದ್ದು ಮತ್ತು ಎಂಡಿಎಫ್ (ಒತ್ತಿದ ಮರದ ಹಲಗೆ) ನದ್ದು ಮಾತ್ರ. 18 ಎಂಎಂ ಎಂಡಿಎಫ್‌ಗಿಂತ ತೆಳುವಾದದ್ದು ಬೇಡ.

---

ಲೌಡ್_ಠಾಣೆ

1 ಓಮ್ ಅಂತ ಅಷ್ಟು ಹೆದರಬೇಕಾ? ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ಇಂಪಿಡೆನ್ಸ್ (ಆಂಪಿಗೆ ಕಾಣುವ ಓಮ್) ಏರುತ್ತಲ್ಲ, 1 ಓಮ್ ಅಂದದ್ದು ಓಡುವಾಗ 2, 3 ಓಮ್ ಆಗಿರುತ್ತೆ. ಸ್ಪರ್ಧೆಗೆ ಹೋಗೋರೆಲ್ಲ ಹಾಗೇ ಓಡಿಸ್ತಾರೆ.

---

ಓಮ್_ಲೆಕ್ಕ (ಡೊಂಬಿವಲಿ)

ಏರೋದು ನಿಜ, ಆದರೆ ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಏರಲ್ಲ. ಸೀಲ್ಡ್ ಪೆಟ್ಟಿಗೆಯಲ್ಲಿ ರೆಸೊನೆನ್ಸ್ (ಸಬ್ ತಾನಾಗೇ ಹೆಚ್ಚು ಕಂಪಿಸುವ ಫ್ರೀಕ್ವೆನ್ಸಿ) ಹತ್ತಿರ ಒಂದೇ ಶಿಖರ ಇರುತ್ತೆ. ಅದನ್ನು ದಾಟಿ 80, 100 ಹರ್ಟ್ಸ್ ಕಡೆಗೆ ಬಂದರೆ ಮತ್ತೆ ಕಾಯಿಲಿನ ಡಿಸಿ ರೆಸಿಸ್ಟೆನ್ಸ್ ಹತ್ತಿರಕ್ಕೆ ಇಳಿದುಬಿಡುತ್ತೆ. ಪೋರ್ಟೆಡ್‌ನಲ್ಲಿ ಎರಡು ಶಿಖರ, ನಡುವೆ ಟ್ಯೂನಿಂಗ್ ಫ್ರೀಕ್ವೆನ್ಸಿಯಲ್ಲಿ (ಕೊಳವೆ ಹೊಂದಿಸಿದ ಫ್ರೀಕ್ವೆನ್ಸಿ) ಒಂದು ತಗ್ಗು. ಆ ತಗ್ಗಿನಲ್ಲಿ ಕರೆಂಟ್ ಎಳೆತ ಜೋರು. ಸ್ಪರ್ಧೆಯವರು ಒಂದೇ ಫ್ರೀಕ್ವೆನ್ಸಿಯ ಟೋನ್ ಅನ್ನು ಕೆಲವು ಸೆಕೆಂಡ್ ಬಾರಿಸ್ತಾರೆ, ಆ ಜಾಗದಲ್ಲಿ ಇಂಪಿಡೆನ್ಸ್ ಎಷ್ಟು ಅಂತ ಕ್ಲ್ಯಾಂಪ್ ಮೀಟರ್ ಹಿಡಿದು ಅಳೆದಿರ್ತಾರೆ. ದಿನಾ ಹಾಡು ಕೇಳೋರಿಗೆ ಬಾಸ್ ಗಿಟಾರ್, ಡೋಲು, ಕಿಕ್ ಎಲ್ಲಾ ಬೇರೆ ಬೇರೆ ಕಡೆ ಬೀಳುತ್ತೆ. ತಯಾರಕ 2 ಅಂದಿದ್ದರೆ 2 ಅಂತಲೇ ಹಿಡಿಯಿರಿ.

---

ಬೆಳಗಾವಿ_ವೈರಿಂಗ್ (ಮಡಗಾಂವ್)

ಓಮ್ ಲೆಕ್ಕ ಮ್ಯಾಲಿನವರು ಸರಿಯಾಗಿ ಹೇಳ್ಯಾರ. ನಾ ಕೇಬಲ್ ಬಗ್ಗೆ ಬರೀತೀನಿ, ಯಾಕಂದ್ರ ನಿಮ್ಮ ಹೆಡ್‌ಲೈಟ್ ತ್ರಾಸು ಅಲ್ಲೇ ಐತಿ.

500 ವ್ಯಾಟ್ ಹೊರಗ ಬರಬೇಕಂದ್ರ ಆಂಪ್ ಅದಕ್ಕಿಂತ ಹೆಚ್ಚು ಎಳೀತೈತಿ. 2 ಓಮ್‌ನ್ಯಾಗ ಕ್ಲಾಸ್ ಡಿ ದಕ್ಷತೆ 75 ಶೇಕಡಾ ಅಂತ ಹಿಡೀರಿ, 667 ವ್ಯಾಟ್. 13.8 ವೋಲ್ಟ್‌ಗೆ ಭಾಗಿಸಿದ್ರ 48 ಆಂಪಿಯರ್. ಹಾಡಿನ್ಯಾಗ ಸರಾಸರಿ ಇದರ ಮೂರನೇ ಒಂದು ಪಾಲೂ ಇರೂದಿಲ್ಲ, ಖರೆ ಬಾಸ್ ಬಡಿದ ಗಳಿಗಿಗೆ ಇಷ್ಟು ಬೇಕಾಗ್ತೈತಿ. ಬ್ಯಾಟರಿಯಿಂದ ಡಿಕ್ಕಿ ತನಕ 5 ಮೀಟರ್ ಕೇಬಲ್ ಐತಿ ಅಂದ್ಕೋರಿ. 4 ಗೇಜ್ ತಾಮ್ರ ಇದ್ರ ದಾರ್ಯಾಗ ಬೀಳೂದು 0.2 ವೋಲ್ಟ್. 8 ಗೇಜ್ ತಾಮ್ರಕ್ಕ 0.5. 8 ಗೇಜ್ ಸಿಸಿಎ, ಅಂದ್ರ ಮ್ಯಾಲ ತಾಮ್ರ ಒಳಗ ಅಲ್ಯುಮಿನಿಯಂ, ಇದ್ರ 0.8 ಹತ್ರ. ಅಗ್ಗದ ಕಿಟ್‌ನ್ಯಾಗ ಬರೂದು ಬಹಳ ಸಲ ಇದ. ಒಂದು ಎಳಿ ಹಿಡದು ಬ್ಲೇಡಿನಿಂದ ಕೆರದ ನೋಡ್ರಿ. ಒಳಗ ಬೆಳ್ಳಗ ಕಂಡ್ರ ಸಿಸಿಎ.

ಗೇಜ್ ಅಂತ ಹೊರಗಿನ ಪ್ಲಾಸ್ಟಿಕ್ ದಪ್ಪ ನೋಡಿ ಮೋಸ ಹೋಗಬ್ಯಾಡ್ರಿ. ಖರೆ 4 ಗೇಜ್ ಅಂದ್ರ 21 ಚದರ ಮಿಲಿಮೀಟರ್ ತಾಮ್ರ ಇರಬೇಕು. ಆಡಿಯೋ ಅಂಗಡ್ಯಾಗ ಸಿಗಲಿಲ್ಲಂದ್ರ ಎಲೆಕ್ಟ್ರಿಕಲ್ ಅಂಗಡ್ಯಾಗ 25 ಚದರ ಮಿಮೀ ತಾಮ್ರದ ವೆಲ್ಡಿಂಗ್ ಕೇಬಲ್ ಕೇಳ್ರಿ. ಪುಣೆಯೊಳಗ ಬುಧವಾರ ಪೇಠಿನ ತಾಪಕೀರ್ ಗಲ್ಲಿ, ಮುಂಬೈಯೊಳಗ ಲ್ಯಾಮಿಂಗ್ಟನ್ ರೋಡ್ ಅಡ್ಡಾಡಿದ್ರ ಕೇಬಲ್, ಲಗ್, ಹೀಟ್ ಶ್ರಿಂಕ್, ಮೀಟರ್ ಎಲ್ಲಾ ಸಿಗ್ತಾವ.

ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ 45 ಸೆಂಟಿಮೀಟರ್ ಒಳಗ ಇರಬೇಕು. ಅದು ಕಾಯೂದು ಕೇಬಲ್ಲಿನ್ನ, ಆಂಪನ್ನಲ್ಲ. 4 ಗೇಜ್ ತಾಮ್ರ ಹಾಕಿದ ಮ್ಯಾಲ ನಿಮಗ 60 ಆಂಪಿಯರ್ ಸಾಕು. ಈಗಿನ 8 ಗೇಜ್ ಸಿಸಿಎ ಆಗಿದ್ರ ಅದರ ಮ್ಯಾಲ 60 ಹಾಕಿ ಓಡಸಬ್ಯಾಡ್ರಿ, 40 ದಾಟಬಾರದು. ಫೈರ್‌ವಾಲ್ (ಎಂಜಿನ್ ಮತ್ತ ಕಾರಿನ ಒಳಗಿನ ನಡುವಿನ ತಗಡು) ತೂತಿನ್ಯಾಗ ರಬ್ಬರ್ ಗ್ರಾಮೆಟ್ ಇಲ್ಲದ ಕೇಬಲ್ ದಾಟಸಬಾರದು. ತಗಡಿನ ಅಂಚು ಇನ್ಸುಲೇಷನ್ ಕೊಯ್ದು ಬಾಡಿಗೆ ಶಾರ್ಟ್ ಆದ್ರ ಬೆಂಕಿ ಹತ್ತೂದು ಅಲ್ಲೇ. ಬಾನೆಟ್ ಕಡೆ ಕೇಬಲ್ಲಿಗೆ ಸ್ವಲ್ಪ ಕೆಳಗ ಬಳುಕು ಕೊಡ್ರಿ, ಮಳಿ ನೀರು ಗ್ರಾಮೆಟ್ ತನಕ ಹರಿದ ಬರದ ಅಲ್ಲೇ ತೊಟ್ಟಿಕ್ಕಿ ಬೀಳ್ತೈತಿ.

ಅರ್ಥ್ ವಿಷಯ ಕೊಂಕಣದಾಗ ಇನ್ನೂ ಮುಖ್ಯ. ಆಂಪ್‌ನಿಂದ ಅರ್ಧ ಮೀಟರ್ ಒಳಗ ದಪ್ಪ ತಗಡು ಹುಡುಕ್ರಿ. ಸೀಟ್ ಬೆಲ್ಟ್ ಬೋಲ್ಟ್ ಬ್ಯಾಡ, ಸ್ಟೆಪ್ನಿ ಕುಣಿಯ ತಳಾನೂ ಬ್ಯಾಡ, ಮಳಿಗಾಲದಾಗ ಅಲ್ಲಿ ನೀರು ನಿಲ್ತೈತಿ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಸ್ಯಾಂಡ್ ಪೇಪರಿನಿಂದ ಬಣ್ಣ ಮತ್ತ ಪ್ರೈಮರ್ ಎರಡೂ ಹೋಗೂ ತನಕ ತಿಕ್ಕಿ ಹೊಳಿಯೂ ತಗಡು ಕಾಣಬೇಕು. ಕ್ರಿಂಪ್ ಮಾಡಿದ ರಿಂಗ್ ಲಗ್, ಹಲ್ಲಿನ ವಾಶರ್, ಬೋಲ್ಟ್ ಬಿಗಿ ಮಾಡಿ ಅದರ ಮ್ಯಾಲ ಬಣ್ಣ ಇಲ್ಲಾ ಪೆಟ್ರೋಲಿಯಂ ಜೆಲ್ಲಿ ಹಚ್ರಿ. ಮೊದಲ ಹಚ್ಚಿ ಆಮ್ಯಾಲ ಬಿಗಿ ಮಾಡೂದಲ್ಲ. ಸಮುದ್ರದ ಉಪ್ಪುಗಾಳಿಗೆ ಬರೇ ತಾಮ್ರ ಹಸರಾಗ್ತೈತಿ, ತಗಡು ಜಂಗ್ ಹಿಡೀತೈತಿ, ಒಂದ ಮಳಿಗಾಲದಾಗ ಜಾಯಿಂಟ್ ಕೆಡ್ತೈತಿ. ಟಿನ್ ಮಾಡಿದ ತಾಮ್ರದ ಲಗ್ ಸಿಕ್ರ ಅದನ್ನ ತಗೋರಿ.

ಪರೀಕ್ಷಾ ಹಿಂಗ: ಎಂಜಿನ್ ಚಾಲೂ, ಬಾಸ್ ಜೋರು, ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಆಂಪಿನ ಅರ್ಥ್ ಟರ್ಮಿನಲ್‌ಗೆ. ಡಿಸಿ 0.1 ವೋಲ್ಟ್ ದಾಟಿದ್ರ ಅರ್ಥ್ ಸರಿ ಇಲ್ಲ. ಹಂಗ ಪ್ಲಸ್‌ನಿಂದ ಪ್ಲಸ್‌ಗೂ ನೋಡ್ರಿ, 0.3ರ ಒಳಗ ಇರ್ಲಿ. ಬ್ಯಾಟರಿಯಿಂದ ಬಾಡಿಗೆ ಹೋಗೂ ಕಂಪನಿ ಅರ್ಥ್ ವೈರ್ ಸಣ್ಣದಿರ್ತೈತಿ, ಅದರ ಜೋಡಿ ಇನ್ನೊಂದು 4 ಗೇಜ್ ಹಾಕ್ರಿ.

ಕೆಪಾಸಿಟರ್ ಬ್ಯಾಡ. 1 ಫ್ಯಾರಡ್ ಕೆಪಾಸಿಟರ್ 13.8ರಿಂದ 12.8 ವೋಲ್ಟ್‌ಗೆ ಇಳಿಯೂದ್ರಾಗ ಕೊಡೂದು 13 ಜೌಲ್. 667 ವ್ಯಾಟ್ ಎಳಿಯೂ ಆಂಪಿಗೆ ಅದು 20 ಮಿಲಿಸೆಕೆಂಡ್, ಅಂದ್ರ 50 ಹರ್ಟ್ಸ್‌ನ ಒಂದ ಒಂದು ಸೈಕಲ್. ಆ ರೊಕ್ಕ ಕೇಬಲ್ಲಿಗೆ ಹಾಕ್ರಿ.

---

ಚಿಂಚ್ವಡ್_ಬಾಸ್ (ಪುಣೆ)

ಇಬ್ಬರಿಗೂ ಧನ್ಯವಾದ. ಎಳೆ ಕೆರೆದು ನೋಡಿದೆ, ಬೆಳ್ಳಗಿದೆ, ಸಿಸಿಎನೇ. ಬದಲಾಯಿಸ್ತೀನಿ.

ಮೀಟರ್ ಹಿಡಿದಾಗ ಎರಡು ಅನುಮಾನ ಬಂತು. ವೈರ್ ಬಿಚ್ಚಿ ಒಂದೊಂದೇ ಕಾಯಿಲ್ ಅಳೆದರೆ 3.7 ಮತ್ತು 3.8 ತೋರಿಸ್ತು. ಪ್ಯಾರಲಲ್ ಮಾಡಿ ಪೆಟ್ಟಿಗೆಯ ಟರ್ಮಿನಲ್‌ನಲ್ಲಿ 2.0. ಮೀಟರಿನ ಎರಡು ತುದಿ ಒಂದಕ್ಕೊಂದು ಮುಟ್ಟಿಸಿದಾಗಲೇ 0.3 ಬರುತ್ತೆ. ಅಂದ್ರೆ ನಿಜವಾದದ್ದು 1.7. ಆಂಪಿನ ಮಿತಿ 2 ಅಲ್ವಾ, ಈಗಾಗಲೇ ಕೆಳಗೆ ಓಡ್ತಿದೆಯಾ?

ಇನ್ನೊಂದು ಉಪಾಯ ಹೊಳೀತು. ಎರಡನೇ ಸಬ್ ತಂದು, ಎರಡರಲ್ಲೂ ಒಂದೊಂದೇ ಕಾಯಿಲ್ ಜೋಡಿಸಿದರೆ? ಒಂದೊಂದು 4 ಓಮ್, ಪ್ಯಾರಲಲ್ 2 ಓಮ್. 500 ವ್ಯಾಟ್ ಪೂರ್ತಿ ಸಿಗುತ್ತಲ್ಲ.

---

ಓಮ್_ಲೆಕ್ಕ (ಡೊಂಬಿವಲಿ)

ಮೊದಲನೇದಕ್ಕೆ ಚಿಂತೆ ಬೇಡ. ನಿಮ್ಮ ಮೀಟರ್ ಅಳೆಯೋದು ಡಿಸಿ ರೆಸಿಸ್ಟೆನ್ಸ್. 4 ಓಮ್ ಅಂತ ಹೆಸರಿಟ್ಟ ಕಾಯಿಲ್‌ಗೆ ಅದು 3.2ರಿಂದ 3.8 ಇರೋದೇ ಸಹಜ, ಆಂಪ್ ತಯಾರಕರು 2 ಓಮ್ ಅನ್ನುವಾಗ ಇದನ್ನು ಲೆಕ್ಕ ಹಿಡಿದೇ ಹೇಳಿರ್ತಾರೆ. ಮೀಟರಿನ 0.3 ಕಳೆದದ್ದು ಸರಿಯಾಗೇ ಮಾಡಿದ್ದೀರಿ, ಕಾಯಿಲ್‌ಗಳು 3.4, 3.5 ಅಂತಾಯ್ತು. ಎರಡರ ನಡುವೆ 0.1 ವ್ಯತ್ಯಾಸ ಏನೂ ಅಲ್ಲ. ಒಂದು 3.4 ಇದ್ದು ಇನ್ನೊಂದು 2.5 ಬಂದಿದ್ದರೆ ಆ ಕಾಯಿಲ್ ಒಳಗೆ ಸುತ್ತು ಶಾರ್ಟ್ ಆಗಿದೆ ಅಂತ ಅನುಮಾನಪಡಬೇಕಿತ್ತು.

ಎರಡನೇ ಉಪಾಯ ಓಮ್ ಲೆಕ್ಕದಲ್ಲಿ ಪಾಸು, ಬಾಸ್ ಲೆಕ್ಕದಲ್ಲಿ ಫೇಲು. ಡ್ಯುಯಲ್ ಕಾಯಿಲಿನ ಸಬ್‌ನಲ್ಲಿ ಒಂದೇ ಕಾಯಿಲ್ ಓಡಿಸಿದರೆ ಮೋಟಾರಿನ ಶಕ್ತಿ ಅರ್ಧಕ್ಕಿಳಿಯುತ್ತೆ, ದಕ್ಷತೆ 3 ಡೆಸಿಬೆಲ್ ಕಮ್ಮಿ. ಎರಡನೇ ಸಬ್‌ನಿಂದ ಬಂದ 3 ಡೆಸಿಬೆಲ್ ಇಲ್ಲೇ ಕಳೆದುಹೋಯ್ತು. ಈಗಿರುವಷ್ಟೇ ಸದ್ದು, ಡಿಕ್ಕಿ ಮಾತ್ರ ಭರ್ತಿ. ಅದರ ಮೇಲೆ ಕ್ಯೂಇಎಸ್ (ಮೋಟಾರ್ ಕೋನನ್ನು ಹಿಡಿದಿಡುವ ಅಂಕಿ, ಹೆಚ್ಚಾದಷ್ಟೂ ಹಿಡಿತ ಕಮ್ಮಿ) ಎರಡು ಪಟ್ಟಾಗುತ್ತೆ. ಈಗ ಕ್ಯೂಟಿಎಸ್ (ಒಟ್ಟು ಹಿಡಿತದ ಅಂಕಿ) 0.5 ಇರುವ ಸಬ್ 0.9ಕ್ಕೆ ಏರುತ್ತೆ, ಸೀಲ್ಡ್ ಪೆಟ್ಟಿಗೆಯೊಳಗೆ ಇನ್ನೂ ಮೇಲೆ. ಕೋನ್ ನಿಲ್ಲಬೇಕಾದ ಕಡೆ ನಿಲ್ಲಲ್ಲ, ಬಾಸ್ ಎಳೆದ ಹಾಗೆ ಗುಂಯ್ ಅನ್ನುತ್ತೆ. ಮತ್ತೆ ಯಾರಾದರೂ ಖಾಲಿ ಬಿಟ್ಟ ಕಾಯಿಲಿನ ಎರಡು ತುದಿ ಸೇರಿಸಿಬಿಡಿ ಅಂದರೆ ಕೇಳಬೇಡಿ. ಶಾರ್ಟ್ ಆದ ಕಾಯಿಲ್ ಬ್ರೇಕ್ ಹಿಡಿದ ಹಾಗೆ ಕೋನನ್ನು ಎಳೆಯುತ್ತೆ.

---

ನಾಲ್ಕು_ಚಾನೆಲ್_ವಾಶಿ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು 4 ಚಾನೆಲ್ ಆಂಪ್, "ಸ್ಟೀರಿಯೊ 2 ಓಮ್" ಅಂತ ಇದೆ. ಹಿಂದಿನ ಎರಡು ಚಾನೆಲ್ ಬ್ರಿಜ್ (ಒಂದಾಗಿ ಸೇರಿಸಿ) ಮಾಡಿ 2 ಓಮ್ ಸಬ್ ಓಡಿಸಬಹುದಲ್ಲ?

---

ಓಮ್_ಲೆಕ್ಕ (ಡೊಂಬಿವಲಿ)

ಬೇಡ. ಬ್ರಿಜ್ ಮಾಡಿದಾಗ ಒಂದೊಂದು ಚಾನೆಲ್‌ಗೂ ಕಾಣೋದು ಲೋಡಿನ ಅರ್ಧ. 2 ಓಮ್ ಸಬ್ ಹಾಕಿದರೆ ಪ್ರತಿ ಚಾನೆಲ್ 1 ಓಮ್ ಎಳೀಬೇಕು. ಸ್ಟೀರಿಯೊ 2 ಅಂದ್ರೆ ಬ್ರಿಜ್‌ಗೆ ಕನಿಷ್ಠ 4. ನಿಮಗೆ ಸಿಂಗಲ್ 4 ಓಮ್ ಇಲ್ಲವೇ ಡ್ಯುಯಲ್ 2 ಓಮ್ ಸೀರೀಸ್ ಮಾಡಿದ ಸಬ್ ಸರಿ.

---

ಬೆಳಗಾವಿ_ವೈರಿಂಗ್ (ಮಡಗಾಂವ್)

ಚಿಂಚ್ವಡ್ ಅವರ, ಡ್ಯುಯಲ್ 2 ಓಮ್ ಜೋಡಿ ತಂದ್ರೂ, 4 ಓಮ್‌ಗೆ ಬದಲಿ ಮಾಡಿದ್ರೂ ಎರಡು ಕೆಲಸ ಮರೀಬ್ಯಾಡ್ರಿ.

ಒಂದು, ಪೊಲಾರಿಟಿ. ಪೆಟ್ಟಿಗಿ ಮುಚ್ಚೂ ಮುಂಚೆ ಆಂಪ್ ಕಡಿ ವೈರ್ ಬಿಚ್ಚಿ, ಆ ತುದಿಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸ್ರಿ, ಪ್ಲಸ್‌ಗೆ ಪ್ಲಸ್. ಎರಡೂ ಕೋನ್ ಒಂದ ಕಡೆ, ಹೊರಗ ಬರಬೇಕು. ಒಂದು ಒಳಗ ಹೋದ್ರ ಆ ಸಬ್ ಉಲ್ಟಾ ಐತಿ, ಒಂದು ಗಾಳಿ ದೂಡಿದ್ದನ್ನ ಇನ್ನೊಂದು ನುಂಗ್ತೈತಿ, ಬಾಸ್ ಕಾಣಿಯಾಗ್ತೈತಿ. ಒಂದ ಸಬ್ಬಿನ ಎರಡು ಕಾಯಿಲ್ ಒಂದಕ್ಕೊಂದು ಉಲ್ಟಾ ಆಗಿದ್ರ ಕೋನ್ ಅಳ್ಳಾಡೂದ ಇಲ್ಲ. ಇದು ಅಪಾಯದ್ದು, ಯಾಕಂದ್ರ ಕೋನ್ ಆಡಲಿಲ್ಲಂದ್ರ ಕಾಯಿಲ್ ತಂಪಾಗೂದಿಲ್ಲ. ಸದ್ದಿಲ್ಲ ಅಂತ ನೀವು ವಾಲ್ಯೂಮ್ ಏರಿಸ್ತೀರಿ, ಅದು ಒಳಗ ಸುಡ್ತೈತಿ.

ಎರಡು, ಗೇನ್ (ಒಳಬರೂ ಸಿಗ್ನಲ್ ಎಷ್ಟು ಏರಿಸಬೇಕು ಅನ್ನೂ ಗುಂಡಿ) ಮತ್ತ ಹೊಸದಾಗಿ ಇಡಬೇಕು. ಲೋಡ್ ಬದಲಾದ್ರ ಹಳೀ ಗುರುತು ನಡಿಯೂದಿಲ್ಲ. ಸ್ಪೀಕರ್ ವೈರ್ ಆಂಪ್‌ನಿಂದ ತಗೀರಿ. ಬಾಸ್ ಬೂಸ್ಟ್, ಲೌಡ್‌ನೆಸ್ ಬಂದ್, ಈಕ್ವಲೈಸರ್ ಸಪಾಟು, ಗೇನ್ ಪೂರಾ ಕೆಳಗ. ಎಂಜಿನ್ ಚಾಲೂ ಇಟ್ಟು 50 ಹರ್ಟ್ಸ್, 0 ಡೆಸಿಬೆಲ್ ಸೈನ್ ಟೋನ್ ಹಚ್ರಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ. ಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಆಂಪ್ ಔಟ್‌ಪುಟ್‌ನ್ಯಾಗ ಹಿಡದು ಗೇನ್ ನಿಧಾನ ಏರಿಸ್ರಿ. ವ್ಯಾಟ್ ಗುಣಿಸು ಓಮ್, ಅದರ ವರ್ಗಮೂಲ. 2 ಓಮ್‌ಗೆ 500 ವ್ಯಾಟ್ ಅಂದ್ರ 31.6 ವೋಲ್ಟ್, 4 ಓಮ್‌ಗೆ 300 ಅಂದ್ರ 34.6. ಅಲ್ಲಿ ನಿಲ್ಲಿಸ್ರಿ. ಟೋನ್ ಬಂದ್ ಮಾಡಿ, ಆಂಪ್ ಆರಿಸಿ, ಆಮ್ಯಾಲ ಸ್ಪೀಕರ್ ವೈರ್ ಹಾಕ್ರಿ. ಲೋ ಪಾಸ್ (ಮ್ಯಾಲಿನ ಸದ್ದು ತಡಿಯೂ ಫಿಲ್ಟರ್) 80 ಹರ್ಟ್ಸ್‌ನಿಂದ ಶುರು ಮಾಡ್ರಿ. ಪೋರ್ಟೆಡ್ ಪೆಟ್ಟಿಗಿ ಮಾಡಿಸಿದ್ರ ಸಬ್‌ಸೋನಿಕ್ ಫಿಲ್ಟರ್ (ತೀರಾ ಕೆಳಗಿನ ನೋಟು ತಡಿಯೂದು) ಟ್ಯೂನಿಂಗ್‌ಗಿಂತ ಸ್ವಲ್ಪ ಕೆಳಗ ಇಡ್ರಿ, ಇಲ್ಲಂದ್ರ ಅದಕ್ಕಿಂತ ಕೆಳಗಿನ ನೋಟಿಗೆ ಕೋನ್ ಹಿಡತ ತಪ್ಪಿ ಬಡದಾಡ್ತೈತಿ.

---

ಚಿಂಚ್ವಡ್_ಬಾಸ್ (ಪುಣೆ)

ಅರ್ಥ ಆಯ್ತು. ಎರಡನೇ ಸಬ್ ಸದ್ಯಕ್ಕೆ ಬಿಟ್ಟೆ. ಮೊದಲು 25 ಚದರ ಮಿಮೀ ಕೇಬಲ್, ಅರ್ಥ್, 60ರ ಫ್ಯೂಸ್. ಆಮೇಲೆ ಪೋರ್ಟೆಡ್ ಪೆಟ್ಟಿಗೆ. ಸ್ಪೀಕರ್ ವೈರ್ ಎಷ್ಟು ದಪ್ಪ ಬೇಕು? ಈಗ 16 ಗೇಜ್ ಇದೆ, ಒಂದೂವರೆ ಮೀಟರ್.

---

ಓಮ್_ಲೆಕ್ಕ (ಡೊಂಬಿವಲಿ)

ಹೋಗಿ ಬರೋದು ಸೇರಿ 3 ಮೀಟರ್, 16 ಗೇಜ್ ತಾಮ್ರಕ್ಕೆ 0.04 ಓಮ್. 2 ಓಮ್ ಲೋಡ್‌ನಲ್ಲಿ ಶೇಕಡಾ 2ರಷ್ಟು ಪವರ್ ವೈರಿನಲ್ಲೇ ಹೋಗುತ್ತೆ. ಅದೂ ಸಿಸಿಎ ಆಗಿದ್ದರೆ ಇನ್ನೂ ಜಾಸ್ತಿ. ಹೇಗೂ ಪೆಟ್ಟಿಗೆ ಬಿಚ್ತೀರಲ್ಲ, ಒಳಗೂ ಹೊರಗೂ 12 ಗೇಜ್ ತಾಮ್ರ ಹಾಕಿಬಿಡಿ. ಪೆಟ್ಟಿಗೆಯ ಟರ್ಮಿನಲ್ ಕಪ್ ಅಂಚಿಗೆ ಸಿಲಿಕೋನ್ ಹಚ್ಚಿ, ಗಾಳಿ ಸೋರಿದರೆ ಅಲ್ಲಿಂದ ಸೀಟಿ ಹೊಡೆದ ಹಾಗೆ ಕೇಳಿಸುತ್ತೆ. ಸಬ್ ಕೂರಿಸುವ ಮುಂಚೆ ಅದು 24 ಗಂಟೆ ಒಣಗಲಿ, ಒಣಗದ ಸಿಲಿಕೋನಿನ ಆವಿ ಒಳಗೆ ಸಿಕ್ಕಿಹಾಕಿಕೊಳ್ಳೋದು ಬೇಡ.